ಪಕ್ಕದ ಮನೆ ಅಜ್ಜಿಗೂ ಚಳಿ, ನಮಗೂ ಚಳಿ: ಈ ದೇಶದಲ್ಲಿ ನ್ಯಾಯ ಅಂದರೆ ಏನು?

ದಾವಣಗೆರೆ-ಲೆಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ. 2023ರಲ್ಲಿ ಬ್ರಿಟನ್‌ಗೆ ಬಂದೆವು. ನಮ್ಮ ಯಜಮಾನರು ಗೋದಾಮಿನಲ್ಲಿ ನೈಟ್ ಶಿಫ್ಟ್. ಮಗಳು ಶಾಲೆಯಲ್ಲಿ ಇಯರ್ 2. ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳಲ್ಲಿ ನಮ್ಮದೂ ಒಂದು. ಪಕ್ಕದಲ್ಲಿ ಒಬ್ಬರು ಇಂಗ್ಲಿಷ್ ಅಜ್ಜಿ, ಒಬ್ಬರೇ ಇದ್ದಾರೆ. 79 ವರ್ಷ. ಹದಿನೈದಕ್ಕೇ ಶಾಲೆ ಬಿಟ್ಟು ಇಲ್ಲಿನ ಹೋಸಿಯರಿ ಕಾರ್ಖಾನೆಗೆ ಸೇರಿದವರು. ಕಾಲುಚೀಲ ಹೊಲಿಯುವ ಕೆಲಸ. ನನ್ನ ತಾತ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದರು. ಅದಕ್ಕೇ ಏನೋ, ಅವರ ಗಿರಣಿ ಕಥೆ ಕೇಳುತ್ತಾ ಕೂತರೆ ನಮ್ಮ ತಾತನ ಜೊತೆ ಕೂತ ಹಾಗೇ ಆಗುತ್ತದೆ.

ಮೊನ್ನೆ ಭಾನುವಾರ ಒಂದು ಡಬ್ಬಿಯಲ್ಲಿ ಉಪ್ಪಿಟ್ಟು ಕೊಡಲು ಹೋದೆ. ಮನೆಯೊಳಗೆ ಕೋಟು, ಟೋಪಿ ಹಾಕಿಕೊಂಡು ಕೂತಿದ್ದರು. ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಹೀಟರ್ ಕೆಟ್ಟಿದೆಯಾ ಅಂದೆ. ಕೆಟ್ಟಿಲ್ಲ, ಸಂಜೆ ಆರಕ್ಕೆ ಹಾಕುತ್ತೇನೆ, ಒಂದು ಗಂಟೆ ಅಂದರು. ಅವರದು ಮೊದಲೇ ದುಡ್ಡು ಹಾಕಬೇಕಾದ ಮೀಟರ್. ಬೇಸಿಗೆಯಲ್ಲಿ ಗ್ಯಾಸ್ ಬಳಸದಿದ್ದರೂ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಬಾಕಿ ಬೆಳೆಯುತ್ತಾ ಹೋಗಿತ್ತಂತೆ. ಚಳಿ ಶುರುವಾಗಿ ಮೊದಲ ಸಲ ಹಾಕಿದ ದುಡ್ಡು ಆ ಬಾಕಿಗೇ ಹೋಯಿತಂತೆ.

2024ರ ಚಳಿಗಾಲದಲ್ಲಿ ಇವರಿಗೆ ವಿಂಟರ್ ಫ್ಯೂಯಲ್ ಹಣವೂ (ಮನೆ ಬೆಚ್ಚಗಿಡಲು ಸರ್ಕಾರ ಹಿರಿಯರಿಗೆ ಕೊಡುವುದು) ಸಿಗಲಿಲ್ಲ. ಆಗ ಸರ್ಕಾರ ಅದನ್ನು ಪೆನ್ಷನ್ ಕ್ರೆಡಿಟ್‌ನಂಥ, ಆದಾಯ ಕಡಿಮೆ ಇರುವವರ ನೆರವು ಪಡೆಯುವವರಿಗೆ ಮಾತ್ರ ಅಂತ ಮಾಡಿತ್ತಲ್ಲ. ಒಬ್ಬರೇ ಇದ್ದರೆ ವಾರದ ಆದಾಯ 218 ಪೌಂಡ್ 15 ಪೆನ್ಸ್‌ಗಿಂತ ಕಡಿಮೆ ಇರಬೇಕಿತ್ತು. ತೀರಿಕೊಂಡ ಗಂಡನ ಕಂಪನಿಯಿಂದ ಬರುವ ಸಣ್ಣ ಪೆನ್ಷನ್ ಸೇರಿ ಇವರದು ಆ ಗೆರೆಗಿಂತ ನಾಲ್ಕು ಪೌಂಡ್ ಮೇಲೆ. ನಾಲ್ಕೇ ಪೌಂಡ್. 2025ರಲ್ಲಿ ಮತ್ತೆ ಕೊಡುತ್ತೇವೆ ಅಂದಿದ್ದಾರೆ, ಆದರೆ ಅವರಿಗೆ ಇನ್ನೂ ಬಂದಿಲ್ಲ.

ಮನೆಗೆ ಬಂದ ಮೇಲೂ ಅದೇ ಯೋಚನೆ. ನಮ್ಮ ವೀಸಾದ ಮೇಲೆ ಪಬ್ಲಿಕ್ ಫಂಡ್ಸ್ ಇಲ್ಲ, ಅಂದರೆ ಸರ್ಕಾರದ ನೆರವಿನ ಹಣ ಇಲ್ಲ ಅಂತ ಬರೆದಿದೆ. ಟ್ಯಾಕ್ಸ್ ಕಟ್ಟುತ್ತೇವೆ, ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಕಟ್ಟುತ್ತೇವೆ, ಮಕ್ಕಳಿಗೆ ಅಂತ ಕೊಡುವ ಚೈಲ್ಡ್ ಬೆನಿಫಿಟ್ ಕೂಡ ಕೇಳುವ ಹಾಗಿಲ್ಲ. ಗೊತ್ತಿದ್ದೇ ಬಂದೆವು, ಸರಿ. ಆದರೆ ಜೀವನವಿಡೀ ಇಲ್ಲೇ ದುಡಿದ ಅವರು? ನಮಗೂ ಇಲ್ಲ, ಅವರಿಗೂ ಇಲ್ಲ ಅಂದರೆ ಯಾರಿಗಿದೆ? ನೀವೆಲ್ಲ ಏನು ಅಂದುಕೊಳ್ಳುತ್ತೀರಿ, ಬರೆಯಿರಿ.

ಸ್ಲೌ ಕನ್ನಡಿಗ

ಅಕ್ಕಾ, ಅಜ್ಜಿಯ ವಿಷಯ ಓದಿ ಬೇಜಾರಾಯಿತು. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳುತ್ತೇನೆ.

ನಾನು ಐಟಿ. ಹೋದ ವರ್ಷ ವೀಸಾ ಮುಂದುವರಿಸಿದಾಗ, ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ವೀಸಾದವರು ಕಟ್ಟುವ ಹೆಲ್ತ್ ಸರ್‌ಚಾರ್ಜ್ ಒಂದಕ್ಕೇ ಎಷ್ಟಾಯಿತು ಗೊತ್ತಾ? ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ನಾವು ನಾಲ್ಕು ಜನ, ಮೂರು ವರ್ಷ. ಒಟ್ಟು 10,866 ಪೌಂಡ್, ಒಂದೇ ಸಲ ಕಟ್ಟಬೇಕು. ವೀಸಾ ಫೀ ಬೇರೆ. ಇದೇ ಸರ್‌ಚಾರ್ಜ್ 2015ರಲ್ಲಿ ಶುರುವಾದಾಗ 200 ಪೌಂಡ್ ಇತ್ತು. ಇಷ್ಟು ಕಟ್ಟಿದ ಮೇಲೂ ಸಂಬಳದಲ್ಲಿ ಟ್ಯಾಕ್ಸ್, ಇನ್ಶೂರೆನ್ಸ್ ಬೇರೆ. ಒಂದೇ ಆಸ್ಪತ್ರೆಗೆ ಎರಡು ಸಲ ದುಡ್ಡು ಕೊಟ್ಟ ಹಾಗಲ್ವಾ?

ಇಂಥ ಹೊತ್ತಿನಲ್ಲಿ, ಆದಾಯ ಕಡಿಮೆ ಇರುವ ಮನೆಗಳ ಬೆನಿಫಿಟ್‌ಗೆ ಇದ್ದ ಎರಡೇ ಮಕ್ಕಳ ಮಿತಿ ತೆಗೆಯುತ್ತೇವೆ, 2026ರ ಏಪ್ರಿಲ್‌ನಿಂದ ಮೂರನೇ ಮಗುವಿಗೂ ಕೊಡುತ್ತೇವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದು ಕೇಳಿ ನನಗೆ ನೋವಾಯಿತು. ನಾವು ಖರ್ಚು ನೋಡಿಕೊಂಡು ಎರಡಕ್ಕೆ ನಿಲ್ಲಿಸಿದೆವು.

ಶಾಲೆಯಕ್ಕ

ಸ್ಲೌ ಅವರೇ, ಸರ್‌ಚಾರ್ಜ್ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಮೂರನೇ ಮಗುವಿನ ವಿಷಯದಲ್ಲಿ ಇಲ್ಲ.

ನಾನು ಬ್ರ್ಯಾಡ್‌ಫೋರ್ಡ್‌ನ ಒಂದು ಪ್ರೈಮರಿ ಶಾಲೆಯಲ್ಲಿ ಸಹಾಯಕಿ. ಸೋಮವಾರ ಬೆಳಿಗ್ಗೆ ಯಾವ ಮಗು ಹೇಗೆ ತಿನ್ನುತ್ತದೆ ಅಂತ ನೋಡಿದರೆ ಶನಿವಾರ, ಭಾನುವಾರ ಮನೆಯಲ್ಲಿ ಹೇಗಿತ್ತು ಅಂತ ಗೊತ್ತಾಗುತ್ತದೆ. ಬ್ರೆಡ್ಡನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮನಿಗೆ ಅಂತ ಇಟ್ಟುಕೊಂಡ ಒಂದು ಹುಡುಗಿ ಇದ್ದಾಳೆ. ಆ ತಮ್ಮ ಮೂರನೆಯವನು. ಹುಟ್ಟಿದ್ದು ಅವನ ತಪ್ಪಾ?

ಆ ಮಿತಿ 2017ರ ಏಪ್ರಿಲ್‌ನಲ್ಲಿ ಬಂತು. ಅದರ ನಂತರ ಹುಟ್ಟಿದ ಮೂರನೇ ಮಗುವಿಗೆ, 2025ರ ಲೆಕ್ಕದಲ್ಲಿ, ತಿಂಗಳಿಗೆ ಸುಮಾರು 290 ಪೌಂಡ್ ಸಿಗುತ್ತಿರಲಿಲ್ಲ. ಕೆಲಸ ಮಾಡದೆ ಕೂತವರಿಗೆ ಬುದ್ಧಿ ಬರಲಿ ಅಂತ ಮಾಡಿದ್ದು. ಆದರೆ ಹೊಡೆತ ತಿಂದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಒಬ್ಬರಾದರೂ ದುಡಿಯುತ್ತಿದ್ದರು. ಮೂರು ಮಕ್ಕಳಾದಾಗ ಗಂಡನಿಗೆ ಕೆಲಸ ಇತ್ತು, ಆಮೇಲೆ ಹೋಯಿತು. ಅಥವಾ ಗಂಡನೇ ಬಿಟ್ಟು ಹೋದ. ಆವಾಗ ಮಗುವನ್ನು ವಾಪಸ್ ಕಳಿಸಲು ಆಗುತ್ತದಾ?

ಲೆಸ್ಟರ್ ತಂಗಿ, ನಿಮ್ಮ ಮಗಳ ವಿಷಯ ಒಂದು ಹೇಳಲಾ? ಇಂಗ್ಲೆಂಡಿನಲ್ಲಿ ಇಯರ್ 2 ತನಕ ಎಲ್ಲ ಮಕ್ಕಳಿಗೂ ಶಾಲೆಯ ಊಟ ಉಚಿತ. 2014ರಿಂದ ಹಾಗೇ ಇದೆ. ಇಯರ್ 3ಕ್ಕೆ ಹೋದ ಮೇಲೆ ದುಡ್ಡು ಕಟ್ಟಬೇಕು. ಇದೇ ಮಗು ಲಂಡನ್ನಿನಲ್ಲಿದ್ದಿದ್ದರೆ ಇಯರ್ 6 ತನಕ ಉಚಿತ, 2023ರ ಸೆಪ್ಟೆಂಬರ್‌ನಿಂದ. ವೇಲ್ಸ್‌ನಲ್ಲೂ ಪ್ರೈಮರಿ ಮಕ್ಕಳಿಗೆಲ್ಲ ಉಚಿತ. ಒಂದೇ ದೇಶ, ಪಿನ್‌ಕೋಡ್ ನೋಡಿ ಊಟ. ಪಬ್ಲಿಕ್ ಫಂಡ್ಸ್ ಇಲ್ಲದವರ ಮಕ್ಕಳಿಗೂ ಆದಾಯ ಕಡಿಮೆ ಇದ್ದರೆ ಶಾಲೆಯ ಊಟ ಉಚಿತವಾಗಿ ಸಿಗುವ ನಿಯಮ ಇದೆ. ತುಂಬಾ ಜನಕ್ಕೆ ಗೊತ್ತಿಲ್ಲ. ಸಂಬಳದ ಚೀಟಿ ತೆಗೆದುಕೊಂಡು ಶಾಲೆಯ ಆಫೀಸಿನಲ್ಲಿ ಕೇಳಿ. ನಾಚಿಕೆ ಪಡಬೇಡಿ.

ಹಳೇ ಬರ್ಮಿಂಗ್‌ಹ್ಯಾಮ್

ಮಕ್ಕಳೇ, ನಾನು ಇಲ್ಲಿಗೆ ಬಂದದ್ದು 1974ರಲ್ಲಿ. ಡಾಕ್ಟರಾಗಿ ದುಡಿದು ನಿವೃತ್ತನಾದೆ. ಈಗ ವಾರಕ್ಕೆ ಎರಡು ದಿನ ಫುಡ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಬರುವವರು ಚೀಟಿ ತರಬೇಕು. ಶಾಲೆ, ಡಾಕ್ಟರ್, ಸಲಹಾ ಕೇಂದ್ರ ಹೀಗೆ ಯಾರಾದರೂ ಬರೆದುಕೊಟ್ಟ ಚೀಟಿ. ಮೂರು ದಿನಕ್ಕೆ ಆಗುವಷ್ಟು ಸಾಮಾನು ಕೊಡುತ್ತೇವೆ. 2022ರ ಚಳಿಗಾಲದಲ್ಲಿ ಒಬ್ಬ ಹೆಣ್ಣುಮಗಳು ಆಲೂಗಡ್ಡೆ ವಾಪಸ್ ಕೊಟ್ಟಳು. ಬೇಯಿಸಲು ಗ್ಯಾಸ್ ಬೇಕಲ್ಲ, ಬೇಡ ಅಂದಳು. ಬೇಳೆಯೂ ಬೇಡ. ಆಮೇಲೆ ನಾವು ಬೇರೆ ಪೆಟ್ಟಿಗೆ ಮಾಡಿದೆವು. ಕೆಟಲ್‌ನಲ್ಲಿ ನೀರು ಕಾಯಿಸಿ ಸುರಿದರೆ ತಿನ್ನಬಹುದಾದ ಸಾಮಾನು ಮಾತ್ರ. ಇನ್ನೂ ಒಂದು ಪೆಟ್ಟಿಗೆ ಇದೆ, ಅದಕ್ಕೆ ಬಿಸಿನೀರೂ ಬೇಡ. ಈ ದೇಶದಲ್ಲಿ ನಾನು 50 ವರ್ಷ ಇದ್ದೇನೆ. ಬೇಳೆ ಬೇಯಿಸಲು ಆಗದ ಬಡತನ ನಾನು ಮೊದಲು ಕಂಡಿರಲಿಲ್ಲ.

ಟ್ರಸೆಲ್ ಸಂಸ್ಥೆಯ ಫುಡ್ ಬ್ಯಾಂಕುಗಳು 2023-24ರಲ್ಲಿ 31 ಲಕ್ಷ ಪೊಟ್ಟಣ ಕೊಟ್ಟವು. ಅವರ ಮೊದಲ ಫುಡ್ ಬ್ಯಾಂಕ್ ಶುರುವಾಗಿದ್ದು 2000ದಲ್ಲಿ, ಸಾಲಿಸ್‌ಬರಿಯಲ್ಲಿ. ಅಂದರೆ ನಾನು ಬಂದ ಮೇಲೆ 26 ವರ್ಷ ಅವರ ಫುಡ್ ಬ್ಯಾಂಕ್ ಒಂದೂ ಇರಲಿಲ್ಲ.

ವಿಂಟರ್ ಫ್ಯೂಯಲ್ ಹಣ ನನಗೂ ಬರುತ್ತಿತ್ತು. 1997ರಲ್ಲಿ ಗಾರ್ಡನ್ ಬ್ರೌನ್ ಶುರು ಮಾಡಿದ್ದು. ನನಗೆ ಅದು ಬೇಕಿರಲಿಲ್ಲ, ಬಂದದ್ದನ್ನು ಹಾಗೇ ಫುಡ್ ಬ್ಯಾಂಕಿಗೆ ಕೊಡುತ್ತಿದ್ದೆ. ಹಾಗಾಗಿ ನನ್ನಂಥವನಿಗೆ ನಿಲ್ಲಿಸಿದ್ದು ಸರಿ ಅನ್ನುತ್ತೇನೆ. ಆದರೆ ಗೆರೆಯನ್ನು ಅಷ್ಟು ಕೆಳಗೆ ಎಳೆದದ್ದು ತಪ್ಪು. ಈಗ 35,000 ಪೌಂಡ್ ಆದಾಯದ ತನಕ ಕೊಡುತ್ತಾರೆ. ಅದನ್ನೇ ಮೊದಲು ಮಾಡಿದ್ದರೆ ಈ ಅಜ್ಜಿ ಒಂದು ಚಳಿಗಾಲ ನಡುಗಬೇಕಿರಲಿಲ್ಲ.

ಹುಬ್ಬಳ್ಳಿಯಿಂದ ಓದುವವ

ನಾನು ಅಲ್ಲಿಲ್ಲ. ತಂಗಿ ಅಲ್ಲಿದ್ದಾಳೆ, ಹಾಗಾಗಿ ಇಲ್ಲಿ ಓದುತ್ತೇನೆ. ಡಾಕ್ಟ್ರು ಹೇಳಿದ ಗೆರೆಯ ಮಾತು ನಮಗೂ ಗೊತ್ತಿರುವುದೇ. ಬಿಪಿಎಲ್ ಕಾರ್ಡಿನ ಗೆರೆ. ಒಳಗೆ ಬಿದ್ದರೆ ಎಲ್ಲ ಇದೆ, ಒಂದು ಕೂದಲೆಳೆ ಹೊರಗೆ ಬಿದ್ದರೆ ಏನೂ ಇಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದಾಗ ಸಾರಿಗೆ ಬಸ್ಸಿನಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಉಚಿತ ಮಾಡಿದರು. ಶ್ರೀಮಂತರಿಗೆ ಯಾಕೆ ಅಂತ ನಾನೂ ಆಗ ಕೇಳಿದ್ದೆ. ಆಮೇಲೆ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಮ್ಮ ಹೇಳಿದರು, ಬಸ್ಸಲ್ಲಿ ಎಲ್ಲರಿಗೂ ಅದೇ ಟಿಕೆಟ್ ಕೊಡ್ತಾರೆ, ನನ್ನ ಮುಖ ಯಾರೂ ನೋಡಲ್ಲ ಅಂತ. ಆ ಮಾತು ಕೇಳಿದ ಮೇಲೆ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ.

ರೀಡಿಂಗ್ ದಂಪತಿ

ಮಧ್ಯದವರ ಮಾತೂ ಸ್ವಲ್ಪ ಕೇಳಿ. ನಾವು 2021ರಲ್ಲಿ ಮನೆ ಕೊಂಡೆವು. ಆಗ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರ ನೂರಕ್ಕೆ 0.1. ನಮ್ಮ ಸಾಲದ ಬಡ್ಡಿಯನ್ನು ಎರಡು ವರ್ಷಕ್ಕೆ ಫಿಕ್ಸ್ ಮಾಡಿದ್ದೆವು. 2023ರ ಆಗಸ್ಟ್ ಹೊತ್ತಿಗೆ ಬ್ಯಾಂಕಿನ ದರ 5.25ಕ್ಕೆ ಹೋಗಿತ್ತು. ನಮ್ಮ ಫಿಕ್ಸ್ ಮುಗಿದದ್ದೂ ಅದೇ ಸಮಯಕ್ಕೆ. ತಿಂಗಳ ಕಂತು ಒಂದೇ ಏಟಿಗೆ 500 ಪೌಂಡ್ ಏರಿತು. ಇಬ್ಬರೂ ದುಡಿಯುತ್ತೇವೆ. ಹೊರಗೆ ನೋಡುವವರಿಗೆ ಅನುಕೂಲಸ್ಥರು. ಆದರೆ ಎರಡು ವರ್ಷದಿಂದ ಊರಿಗೆ ಹೋಗಿಲ್ಲ.

ಇನ್ನೊಂದು ಮಾತು. ಹಣದುಬ್ಬರ ಇಳಿದಿದೆ ಅಂತ ಟಿವಿಯಲ್ಲಿ ಹೇಳಿದಾಗಲೆಲ್ಲ ಅಮ್ಮ ಫೋನಿನಲ್ಲಿ ಕೇಳುತ್ತಾರೆ, ಈಗ ಸಾಮಾನು ಅಗ್ಗ ಆಯ್ತೇನೋ ಅಂತ. ಇಲ್ಲ. 2022ರ ಅಕ್ಟೋಬರ್‌ನಲ್ಲಿ ಅದು 11.1ಕ್ಕೆ ಮುಟ್ಟಿತು. 41 ವರ್ಷದಲ್ಲೇ ಜಾಸ್ತಿ. ಆಮೇಲೆ ಇಳಿದದ್ದು ಏರುವ ವೇಗ ಮಾತ್ರ. ಏರಿದ ಬೆಲೆ ಏರಿದಲ್ಲೇ ಕೂತಿದೆ.

ಅಕ್ಕಿಯದೂ ಹಾಗೇ. 2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಸೋನಾ ಮಸೂರಿಗೆ ಅಂಗಡಿ ಅಂಗಡಿ ಸುತ್ತಿದ್ದೆವು. ಅದೇ ವರ್ಷ ಫೆಬ್ರವರಿಯಲ್ಲಿ ಟೊಮೆಟೊ ಸಿಗದೆ ಒಬ್ಬರಿಗೆ ಇಷ್ಟೇ ಅಂತ ಲೆಕ್ಕ ಹಾಕಿ ಕೊಟ್ಟರು. ನಾನು ಹುಣಸೆಹಣ್ಣಿನ ಸಾರು ಮಾಡಿಕೊಂಡು ತಿಂಗಳು ದೂಡಿದೆ. ರಫ್ತಿನ ತಡೆ 2024ರ ಸೆಪ್ಟೆಂಬರ್‌ನಲ್ಲಿ ಹೋಯಿತು. ಅಕ್ಕಿಯ ಬೆಲೆ ಮಾತ್ರ ನಮ್ಮ ಅಂಗಡಿಯಲ್ಲಿ ಹಳೇದಕ್ಕೆ ಬರಲೇ ಇಲ್ಲ.

ಕೊವೆಂಟ್ರಿ ವಿದ್ಯಾರ್ಥಿ

ನಾನು ಮಾಸ್ಟರ್ಸ್ ಓದಲು ಬಂದೆ. ಬಾಡಿಗೆ ರೂಮು ಹುಡುಕಿದಾಗ ಇಲ್ಲಿ ಜಾಮೀನು ಕೊಡುವವರು ಇದ್ದಾರಾ ಅಂತ ಕೇಳಿದರು. ಯಾರಿದ್ದಾರೆ? ಹಾಗಾದರೆ ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಅಂದರು. ಅಪ್ಪ ಊರಲ್ಲಿ ಅಡಿಕೆ ಮಾರಿದ ದುಡ್ಡು ಹಾಗೇ ಬಂದು ಅಲ್ಲಿಗೇ ಹೋಯಿತು. ಗೋಡೆಯ ಮೂಲೆಯಲ್ಲಿ ಕಪ್ಪು ಬೂಸ್ಟು. ಹೇಳಿದರೆ ಕಿಟಕಿ ತೆರೆದಿಡಿ ಅನ್ನುತ್ತಾರೆ. ಡಿಸೆಂಬರ್‌ನಲ್ಲಿ!

2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಬಾಡಿಗೆದಾರರಿಗೆ ಹೊಸ ಕಾಯ್ದೆ. ಕಾರಣ ಕೊಡದೆ ಮನೆ ಬಿಡಿಸುವ ಹಾಗಿಲ್ಲ. ಒಂದು ತಿಂಗಳಿಗಿಂತ ಜಾಸ್ತಿ ಬಾಡಿಗೆ ಮುಂಗಡ ಕೇಳುವ ಹಾಗಿಲ್ಲ. ಒಳ್ಳೆಯದೇ. ಆದರೆ ಮುಂಗಡ ಕೊಡುವ ದಾರಿಯೂ ಇಲ್ಲ, ಜಾಮೀನೂ ಇಲ್ಲ ಅಂದರೆ ನಮ್ಮಂಥವರಿಗೆ ಮನೆ ಕೊಡುತ್ತಾರಾ ಅನ್ನುವ ಭಯ ಇದೆ.

ಶಾಲೆಯಕ್ಕ

ತಮ್ಮಾ, ಬೂಸ್ಟಿನ ಫೋಟೋ ತೆಗೆದಿಟ್ಟುಕೊ, ದೂರನ್ನು ಇಮೇಲ್‌ನಲ್ಲೇ ಕಳಿಸು. ಬಾಯಿಮಾತು ಉಳಿಯುವುದಿಲ್ಲ. ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ಬೂಸ್ಟಿನಿಂದಲೇ ತೀರಿಕೊಂಡಿತು. ಅಪ್ಪ ಅಮ್ಮ ಎಷ್ಟೋ ಸಲ ದೂರು ಕೊಟ್ಟಿದ್ದರು. ಬೂಸ್ಟಿನ ಬಗ್ಗೆ ಅವನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಿಂದ ಕಡಿಮೆ ಬಾಡಿಗೆಯ ಸೋಷಿಯಲ್ ಹೌಸಿಂಗ್ ಮನೆಗಳಿಗೆ ಜಾರಿಯಾಗಿದೆ. ಖಾಸಗಿ ಬಾಡಿಗೆ ಮನೆಗಳಿಗೆ ಇನ್ನೂ ಬರಬೇಕು.

ಸ್ಲೌ ಕನ್ನಡಿಗ

ಎಲ್ಲರ ಮಾತೂ ಓದಿದೆ. ಶಾಲೆಯಕ್ಕ, ಬ್ರೆಡ್ ಸುತ್ತಿಟ್ಟುಕೊಂಡ ಹುಡುಗಿಯ ವಿಷಯ ಓದಿ ಸುಮ್ನೆ ಕೂತೆ. ಮಕ್ಕಳ ಮಿತಿಯ ಬಗ್ಗೆ ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಭಾರ ಹೊರುವವರು ಯಾರು? ಟ್ಯಾಕ್ಸ್ ಇಲ್ಲದ ಮೊತ್ತ 12,570 ಪೌಂಡ್ ಅಂತ 2021ರಲ್ಲಿ ನಿಂತದ್ದು ನಿಂತೇ ಇದೆ. ಈಗ 2031ರ ತನಕ ಅಲ್ಲೇ ಇಡುತ್ತಾರಂತೆ. ಕನಿಷ್ಠ ಕೂಲಿ ಗಂಟೆಗೆ 2025ರಲ್ಲಿ 12.21 ಪೌಂಡ್, 2026ರ ಏಪ್ರಿಲ್‌ನಿಂದ 12.71. ಕೂಲಿ ಏರಿತು ಅಂತ ಖುಷಿ ಪಡುವಷ್ಟರಲ್ಲಿ ಏರಿದ್ದರಲ್ಲಿ ಒಂದು ಭಾಗ ಟ್ಯಾಕ್ಸಿಗೆ ಹೋಗುತ್ತದೆ. ಇದು ನನಗೂ ಹೊಡೆತ, ಕೇರ್ ಹೋಮ್‌ನ ಅಕ್ಕನಿಗೂ ಹೊಡೆತ.

ಹಳೇ ಬರ್ಮಿಂಗ್‌ಹ್ಯಾಮ್

ಈಗ ಸರಿಯಾದ ಜಾಗಕ್ಕೆ ಬಂದಿರಿ. ಭಾರ ಯಾರ ಮೇಲೆ ಅಂತ ತಿಳಿಯಬೇಕಾದರೆ ಕೌನ್ಸಿಲ್ ಟ್ಯಾಕ್ಸ್ ನೋಡಿ, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ. ಇಂಗ್ಲೆಂಡಿನಲ್ಲಿ ಇವತ್ತಿಗೂ 1991ರ ಮನೆಬೆಲೆಯ ಮೇಲೆ ಅದರ ಲೆಕ್ಕ. ಮೂವತ್ತು ವರ್ಷಕ್ಕೂ ಹಿಂದಿನ ಬೆಲೆ! ಎಲ್ಲಕ್ಕಿಂತ ಮೇಲಿನ ಎಚ್ ಬ್ಯಾಂಡ್ (ಬೆಲೆಯ ವರ್ಗ) ಮನೆ ಎಲ್ಲಕ್ಕಿಂತ ಕೆಳಗಿನ ಎ ಬ್ಯಾಂಡ್ ಮನೆಗಿಂತ ಮೂರು ಪಟ್ಟು ಮಾತ್ರ ಕಟ್ಟುತ್ತದೆ. ಬೆಲೆ ಮೂವತ್ತು ಪಟ್ಟು ಇದ್ದರೂ ಅಷ್ಟೇ. 20 ಲಕ್ಷ ಪೌಂಡ್‌ಗಿಂತ ದೊಡ್ಡ ಮನೆಗಳಿಗೆ 2028ರಿಂದ ಹೆಚ್ಚುವರಿ ಕಟ್ಟಿಸುತ್ತೇವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. ತಡವಾಗಿಯಾದರೂ ಬಂತು.

ಕೌನ್ಸಿಲ್ ಮುಳುಗಿದರೆ ಅದರ ಬಿಲ್ಲು ಯಾರಿಗೆ? 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ಕೈಯಲ್ಲಿ ಕಾಸಿಲ್ಲ ಅಂತ ಅಧಿಕೃತವಾಗಿ ಹೇಳಿತು. 2024ರಲ್ಲಿ ಕೌನ್ಸಿಲ್ ಟ್ಯಾಕ್ಸ್ ನೂರಕ್ಕೆ 10 ಏರಿತು, 2025ರಲ್ಲಿ ಇನ್ನೊಂದು ಏಳೂವರೆ. ಮನೆ ಇದ್ದವರೂ ಕಟ್ಟಬೇಕು, ಬಾಡಿಗೆಯಲ್ಲಿ ಇರುವವರೂ ಕಟ್ಟಬೇಕು.

ಸ್ಟ್ಯಾಂಡಿಂಗ್ ಚಾರ್ಜೂ ಇದೇ ಜಾತಿ. 2025ರ ಕೊನೆಗೆ ಕರೆಂಟಿಗೂ ಗ್ಯಾಸಿಗೂ ಸೇರಿ ದಿನಕ್ಕೆ ಸುಮಾರು 88 ಪೆನ್ಸ್ ಇತ್ತು. ವರ್ಷಕ್ಕೆ 320 ಪೌಂಡ್ ಹತ್ತಿರ. ಸ್ವಿಚ್ ಮುಟ್ಟದಿದ್ದರೂ ಕಟ್ಟಬೇಕು. ಏಳು ಕೋಣೆಯ ಬಂಗಲೆಗೂ ಅಷ್ಟೇ, ಒಂದು ಕೋಣೆ ಬೆಚ್ಚಗಿಟ್ಟುಕೊಳ್ಳುವ ಅಜ್ಜಿಗೂ ಅಷ್ಟೇ. ಮುಂಗಡ ಮೀಟರಿನವರು 2023ರ ಜುಲೈ ತನಕ ಉಳಿದವರಿಗಿಂತ ಜಾಸ್ತಿ ದರವನ್ನೇ ಕೊಡುತ್ತಿದ್ದರು. ಕಡಿಮೆ ಇರುವವರೇ ಜಾಸ್ತಿ ಕೊಡುವುದು. ನನ್ನನ್ನು ಕೇಳಿದರೆ ಇಲ್ಲಿನ ಅನ್ಯಾಯದ ಬೇರು ಇದು. ಬೆನಿಫಿಟ್ ಯಾರಿಗೆ ಸಿಕ್ಕಿತು ಅನ್ನುವ ಜಗಳದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕುಂದಾಪುರದ ನರ್ಸ್

ಎರಡು ದಿನ ಡ್ಯೂಟಿ ಇತ್ತು, ಈಗ ನೋಡಿದೆ. ಲೆಸ್ಟರ್ ಅಕ್ಕಾ, ನಿಮ್ಮ ಅಜ್ಜಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ಅವರಿಗೆ ಮಂಡಿನೋವು, ಕೈ ಬೆರಳು ಗಂಟು ಕಟ್ಟುವುದು, ಸ್ನಾನಕ್ಕೆ ಕಷ್ಟ ಇಂಥದ್ದೇನಾದರೂ ಇದೆಯಾ? ಇದ್ದರೆ ಅಟೆಂಡೆನ್ಸ್ ಅಲೋಯನ್ಸ್ ಅನ್ನುವ ಭತ್ಯೆ ಕೇಳಬಹುದು. ಅದಕ್ಕೆ ಆದಾಯದ ಗೆರೆಯೇ ಇಲ್ಲ. ಉಳಿತಾಯವನ್ನೂ ನೋಡುವುದಿಲ್ಲ. ಆರು ತಿಂಗಳಿನಿಂದ ಸಹಾಯ ಬೇಕಾಗಿದ್ದರೆ ಸಾಕು. ಸಹಾಯ ಮಾಡುವವರು ಯಾರೂ ಇಲ್ಲದಿದ್ದರೂ ಸಿಗುತ್ತದೆ, ಬೇಕು ಅನ್ನುವುದಷ್ಟೇ ಮುಖ್ಯ. 2025-26ರಲ್ಲಿ ವಾರಕ್ಕೆ 73.90 ಪೌಂಡ್, ರಾತ್ರಿಯೂ ಹಗಲೂ ಬೇಕಾದರೆ 110.40.

ಇನ್ನೊಂದು ಮುಖ್ಯ ವಿಷಯ ಇದೆ. ಆ ಹಣವನ್ನು ಆದಾಯ ಅಂತ ಲೆಕ್ಕ ಹಾಕುವುದಿಲ್ಲ. ಅದು ಸಿಕ್ಕಿದರೆ, ಒಬ್ಬರೇ ಇರುವವರಿಗೆ ಪೆನ್ಷನ್ ಕ್ರೆಡಿಟ್‌ನ ಗೆರೆಯೇ ಮೇಲಕ್ಕೆ ಹೋಗುತ್ತದೆ. 2025-26ರಲ್ಲಿ ಮಾಮೂಲಿ ಗೆರೆ ವಾರಕ್ಕೆ 227.10 ಪೌಂಡ್. ಅದಕ್ಕೆ 82.90 ಸೇರುತ್ತದೆ. ಅಂದರೆ 310. ನಾಲ್ಕು ಪೌಂಡಿಗೆ ಹೊರಗೆ ಬಿದ್ದಿದ್ದ ಅಜ್ಜಿ ಒಳಗೆ ಬರುತ್ತಾರೆ. ಪೆನ್ಷನ್ ಕ್ರೆಡಿಟ್ ಬಂದರೆ ಕೌನ್ಸಿಲ್ ಟ್ಯಾಕ್ಸ್ ಇಳಿಸಲು ಅರ್ಜಿ ಹಾಕಬಹುದು, 75 ದಾಟಿದ್ದರಿಂದ ಟಿವಿ ಲೈಸೆನ್ಸ್ ದುಡ್ಡೂ (2025-26ರಲ್ಲಿ 174.50 ಪೌಂಡ್) ಉಳಿಯುತ್ತದೆ. ಹಕ್ಕಿದ್ದರೂ ಕೇಳದೆ ಇರುವ ಹಿರಿಯರು ಈ ದೇಶದಲ್ಲಿ ತುಂಬಾ ಜನ ಇದ್ದಾರೆ. ನಮ್ಮ ವಾರ್ಡಿನಲ್ಲಿ ಪ್ರತಿ ವಾರ ನೋಡುತ್ತೇನೆ.

ಫಾರಂ ಉದ್ದ ಇದೆ. ಏಜ್ ಯುಕೆ, ಸಿಟಿಜನ್ಸ್ ಅಡ್ವೈಸ್ ಅನ್ನುವ ಸೇವಾ ಸಂಸ್ಥೆಗಳಿವೆ, ಎರಡೂ ಕಡೆ ತುಂಬಿಸಿಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ದಾವಣಗೆರೆ-ಲೆಸ್ಟರ್

ಕುಂದಾಪುರದ ತಂಗೀ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ. ಬೆರಳು ಎಲ್ಲ ಸೊಟ್ಟಗಾಗಿವೆ ಅವರಿಗೆ. ಮೆಷಿನ್ ಮುಂದೆ ಅಷ್ಟು ವರ್ಷ ಕೂತಿದ್ದಕ್ಕೋ ಏನೋ. ಡಬ್ಬಿಯ ಮುಚ್ಚಳ ತೆಗೆಯಲು ಆಗುವುದಿಲ್ಲ, ಹಾಗಾಗಿ ನಾನು ಸಡಿಲ ಮಾಡಿಯೇ ಕೊಡುವುದು.

ನಿನ್ನೆ ಹೋಗಿ ಹೇಳಿದೆ. ಮೊದಲು ಬೇಡ ಅಂದರು. ನನಗಿಂತ ಕಷ್ಟದಲ್ಲಿ ಇರುವವರಿಗೆ ಹೋಗಲಿ ಅಂದರು. ನಮ್ಮ ಅಮ್ಮನೂ ಇದೇ ಮಾತು ಹೇಳುತ್ತಿದ್ದರು. ಆಮೇಲೆ ವಿಂಟರ್ ಫ್ಯೂಯಲ್ ಹಣ ಬಂತು ಅಂತ ಕಾಗದ ತೋರಿಸಿದರು, 200 ಪೌಂಡ್. ನಾನಿದ್ದಾಗಲೇ ಎದ್ದು ಹೋಗಿ ಹೀಟರ್ ಹಾಕಿದರು. ಮಧ್ಯಾಹ್ನ ಮೂರು ಗಂಟೆಗೆ. ಕೋಟು ಮಾತ್ರ ತೆಗೆಯಲಿಲ್ಲ.

ಗುರುವಾರಕ್ಕೆ ಏಜ್ ಯುಕೆ ಅವರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ನನ್ನ ಶಿಫ್ಟ್ ಬದಲಾಯಿಸಿಕೊಂಡೆ, ಜೊತೆಗೆ ನಾನೂ ಹೋಗುತ್ತೇನೆ. ಸ್ವಲ್ಪ ಮಾತಾಡಿಕೊಂಡು ಹೋಗೋಣ ಅಂತ ಬಟ್ಟೆ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು ಅಂತ ಕೇಳಿದೆ. ಹೇಗೋ ನಿಭಾಯಿಸುತ್ತೇನೆ ಅಂದರು. ಸ್ನಾನ? ನಿಭಾಯಿಸುತ್ತೇನೆ. ಮೆಟ್ಟಿಲು? ನಿಭಾಯಿಸುತ್ತೇನೆ. ಹೀಗೇ ಬರೆಸಿದರೆ ಅರ್ಜಿ ಬಿದ್ದುಹೋಗುತ್ತದಲ್ವಾ?

ನನ್ನ ಸ್ವಂತ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಇಲ್ಲಿ ಕಾಯಂ ಆಗಿ ನೆಲೆ ನಿಲ್ಲುವ ಅನುಮತಿಗೆ ಐದು ವರ್ಷ ಅಂದಿದ್ದರು, 2025ರಲ್ಲಿ ಅದನ್ನು ಹತ್ತು, ನಮ್ಮಂಥ ಕೇರ್ ಕೆಲಸದವರಿಗೆ ಹದಿನೈದು ಮಾಡುವ ಪ್ರಸ್ತಾಪ ಬಂತು. ಆ ಚಿಂತೆ ಬೇರೆ ಇದೆ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಕುಂದಾಪುರದ ನರ್ಸ್

ಅಕ್ಕಾ, ನಿಭಾಯಿಸುತ್ತೇನೆ ಅನ್ನುವ ಪದವನ್ನೇ ಬರೆಸಬೇಡಿ. ಒಳ್ಳೆಯ ದಿನದ್ದನ್ನು ಬರೆಯಬಾರದು, ಕೆಟ್ಟ ದಿನ ಹೇಗಿರುತ್ತದೆ ಅಂತ ಬರೆಯಬೇಕು. ಗುಂಡಿ ಹಾಕಲು ಎಷ್ಟು ನಿಮಿಷ, ಎಷ್ಟು ಸಲ ಕೂರಬೇಕು, ಬಿದ್ದದ್ದು ಯಾವಾಗ, ರಾತ್ರಿ ಎಷ್ಟು ಸಲ ಏಳುತ್ತಾರೆ. ನಾಳೆಯಿಂದ ಮೂರು ದಿನ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲು ಹೇಳಿ. ಪೆನ್ನು ಹಿಡಿಯಲು ಆಗದಿದ್ದರೆ ನೀವೇ ಬರೆದುಕೊಳ್ಳಿ. ಮಾತ್ರೆಯ ಪಟ್ಟಿಯನ್ನೂ ಡಾಕ್ಟರ ಕಾಗದವನ್ನೂ ತೆಗೆದುಕೊಂಡು ಹೋಗಿ. ಆ ಮುಚ್ಚಳದ ವಿಷಯ ಮರೆಯದೆ ಹೇಳಿ.